ಉಲ್ಟಾ ಪಿಗ್ಮಿ

ಹನ್ನೊಂದು ವರ್ಷ ನಾನು ರಾಣೆಬೆನ್ನೂರಿನ್ಯಾಗ ಪಿಗ್ಮಿ ಏಜೆಂಟ್ ಇದ್ದೆ. ಮುಂಜಾನೆ ಹತ್ತಕ್ಕ ಬಸ್ ಸ್ಟ್ಯಾಂಡ್ ಕಡೆಯಿಂದ ಶುರು ಮಾಡಿದ್ರ ಪಾನ್ ಅಂಗಡಿ, ಚಪ್ಪಲ್ ಅಂಗಡಿ, ಬಳಿ ಅಂಗಡಿ, ಕಟಿಂಗ್ ಶಾಪು, ಸಣ್ಣ ಸಣ್ಣ ಹೋಟೆಲ್ ಎಲ್ಲಾ ಮುಗಿಸಿ ಸಂಜಿ ಆರಕ್ಕ ನಮ್ಮ ಪತ್ತಿನ ಸೊಸೈಟಿ ಮೆಟ್ಟಲು ಹತ್ತತಿದ್ದೆ. ಒಬ್ಬರು ಐವತ್ತು ಕೊಡ್ತಿದ್ರು, ಒಬ್ಬರು ನೂರು, ಒಬ್ಬರು ಇನ್ನೂರು. ಹೆಗಲಿಗೆ ಹಾಕ್ಕೊಂಡ ಸಣ್ಣ ಮಷೀನ್ ಒತ್ತಿದ್ರ ಚೀಟಿ ಬರ್ತಿತ್ತು, ಹರಿದು ಕೊಡ್ತಿದ್ದೆ. ದಿನಾ ದುಡಿಯೋ ಮಂದಿ ದಿನಾ ಒಂದಿಷ್ಟು ತಗದಿಡೋದು, ಅದನ್ನ ಅವರ ಬಾಗಿಲಿಗೇ ಹೋಗಿ ತಂದು ಸೊಸೈಟಿಗೆ ಮುಟ್ಟಿಸೋದು, ಇಷ್ಟೇ ನನ್ನ ಕೆಲಸ. ನೂರಕ್ಕ ಮೂರು ರೂಪಾಯಿ ನನ್ನ ಕಮಿಷನ್.

ಆಮೇಲೆ ಅದೇ ಓಣ್ಯಾಗ, ಅದೇ ಅಂಗಡಿಗಳಿಗೆ, ರೊಕ್ಕ ತಿರುಗಿ ಕೊಡಾಕ ವರ್ಷಗಟ್ಟಲೆ ತಿರುಗಿದೆ. ಅದಕ್ಕ ಅಲ್ಲಿಯ ಮಂದಿ ಇಟ್ಟ ಹೆಸರು ಉಲ್ಟಾ ಪಿಗ್ಮಿ. ಚ್ಯಾಷ್ಟಿಗೆ ಇಟ್ಟದ್ದು. ನನಗೇನೂ ಬ್ಯಾಸರಿಲ್ಲ. ಇದಕ್ಕಿಂತ ಕೆಟ್ಟ ಹೆಸರು ಇಟ್ಟಿದ್ರೂ ಬಾಯಿ ಮುಚ್ಕೊಂಡು ಕೇಳಬೇಕಾಗಿತ್ತು. ಇಟ್ಟಾರ ಕೂಡ, ನನಗ ಕೇಳಿಸದಂಗ.

ನಮ್ಮ ಕೆಲಸದಾಗ ಒಂದು ರೂಢಿ ಇತ್ತು. ಅಂಗಡಿಯವರಿಗೆ ರೊಕ್ಕ ಬೇಕಾದಾಗ ಸೊಸೈಟಿಗೆ ಬರಾಕ ಪುರಸೊತ್ತು ಸಿಗೋದಿಲ್ಲ. ಎಣ್ಣಿ ಕಾಯಾಕತ್ತಿರತೈತಿ, ಗಿರಾಕಿ ನಿಂತಿರತಾರ, ಹ್ಯಾಂಗ ಬಿಟ್ಟು ಬರ್ತಾರ? ಅದಕ್ಕ ರೊಕ್ಕ ತಗಿಯೋ ಚೀಟಿಗೆ ಮೊದಲೇ ಸಹಿ ಮಾಡಿ ಏಜೆಂಟನ ಕೈಯಾಗ ಕೊಟ್ಟಿಡ್ತಿದ್ರು, ಒಬ್ಬೊಬ್ಬರು ನಾಕು ನಾಕು ಚೀಟಿ. "ಬೇಕಾದಾಗ ಫೋನ್ ಮಾಡ್ತೇವಿ, ನೀನೇ ಬರಕೊಂಡು ತಗೊಂಡ ಬಾ" ಅಂತಿದ್ರು. ಮ್ಯಾಲೆ ಎಲ್ಲಾ ಖಾಲಿ, ಕೆಳಗ ಸಹಿ. ಇದು ಬರೋಬ್ಬರಿ ಅಲ್ಲ ಅಂತ ಸೊಸೈಟಿಯವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆದ್ರ ಎಲ್ಲಾ ಏಜೆಂಟ್ರ ಬ್ಯಾಗಿನ್ಯಾಗ ಅಂಥಾ ಚೀಟಿ ಇರ್ತಿದ್ವು. ಎಷ್ಟು ಚೀಟಿ ಇದ್ದರ ಅಷ್ಟು ನಂಬಿಗಸ್ತ ಅಂತ ನಮ್ಮ ನಮ್ಮೊಳಗ ಲೆಕ್ಕ. ನನ್ನ ಬ್ಯಾಗಿನ್ಯಾಗ ಹನ್ನೆರಡು ಮಂದಿ ಸಹಿ ಇತ್ತು.

ಆ ಹನ್ನೆರಡರಾಗ ಒಬ್ಬಾಕಿ ಬಸ್ ಸ್ಟ್ಯಾಂಡ್ ಹತ್ರ ಕೈಗಾಡಿ ಮ್ಯಾಲೆ ಮಿರ್ಚಿ, ಗಿರ್ಮಿಟ್ ಮಾರೋ ಅಕ್ಕ. ಗಂಡ ತೀರಿಕೊಂಡು ಭಾಳ ವರ್ಷ ಆಗಿತ್ತು. ಒಬ್ಬಾಕಿ ಮಗಳು, ಮದಿವಿ ಆಗಿ ಹರಿಹರಕ್ಕ ಹೋಗಿದ್ಲು. ಬಿಸಲು ಬಂದ್ರ ಗಾಡಿ ನೆರಳಿಗೆ ದೂಡೋದು, ಮಳಿ ಬಂದ್ರ ಒಲಿ ಆರಿಸಿ ತಾಡಪತ್ರಿ ಹೊಚ್ಚೋದು, ರಸ್ತಾ ಖಾಲಿ ಮಾಡ್ರಿ ಅಂದಾಗ ಇನ್ನೊಂದು ಮೂಲಿಗೆ ಹೋಗೋದು, ಹಿಂಗೇ ಆಕಿ ಜೀವನ. ಆದ್ರ ದಿನಾ ನೂರು ರೂಪಾಯಿ ಪಿಗ್ಮಿ. ಮಳಿ ಬಂದು ವ್ಯಾಪಾರ ಕೆಟ್ಟ ದಿನಾನೂ ನೂರು. ಆಕಿಗೆ ಬೇಕಾಗಿದ್ದು ಒಂದೇ, ಶಟರ್ ಇರೋ ಒಂದು ಸಣ್ಣ ಮಳಿಗಿ. "ಸಂಜೀಕ ಶಟರ್ ಎಳದು ಕೀಲಿ ಹಾಕಿ ಕೈ ಬೀಸ್ಕೊಂಡು ಮನಿಗೆ ಹೋಗಬೇಕು ನೋಡು ತಮ್ಮಾ. ಈ ಗಾಡಿ ದೂಡಿ ದೂಡಿ ಮೊಣಕಾಲು ಹೋದ್ವು" ಅಂತಿದ್ಲು. ನಾ ಹೋದಾಗ ಮೊದಲು ಒಂದು ಬಿಸಿ ಮಿರ್ಚಿ ಕಾಗದದಾಗ ಸುತ್ತಿ ಕೊಟ್ಟು, ಆಮೇಲೆ ನೂರರ ನೋಟು ಕೊಡ್ತಿದ್ಲು. ಬ್ಯಾಡ್ರಿ ಅಕ್ಕಾರ ಅಂದ್ರ ಬೈತಿದ್ಲು.

ರಮ್ಮಿ ಆಟ ನನ್ನ ಫೋನಿನ್ಯಾಗ ಬಂದದ್ದು ಒಂದು ಮದಿವಿ ಮನ್ಯಾಗ. ಊಟಕ್ಕ ಇನ್ನೂ ತಡಾ ಇತ್ತು. ಗೆಳೆಯಾ ಒಬ್ಬ, "ಟೈಮ್ ಪಾಸ್ ಐತಿ, ಆಡಿ ನೋಡಲೇ" ಅಂತ ಹಾಕಿಕೊಟ್ಟ. ಅವತ್ತು ಊಟಕ್ಕ ಕೂಡೋದ್ರೊಳಗ ಇನ್ನೂರು ಗೆದ್ದೆ. ಒಂದು ತಿಂಗಳದಾಗ ಒಂಬತ್ತು ಸಾವಿರ ಬಂತು. ಹೆಂಡ್ತಿಗೆ ಸೀರಿ ತಂದೆ, ಮಗಳಿಗೆ ಬೆಳ್ಳಿ ಗೆಜ್ಜಿ ತಂದೆ. ಈ ಸಲ ಕಮಿಷನ್ ಹೆಚ್ಚಿಗಿ ಬಂತು ಅಂದೆ. ನಾ ಹೇಳಿದ ಮೊದಲ ಸುಳ್ಳು ಅದು. ಆ ಒಂಬತ್ತು ಸಾವಿರ ಬರದೇ ಇದ್ದಿದ್ರ ನಾ ಇವತ್ತಿಗೂ ಹೆಗಲಿಗೆ ಮಷೀನ್ ಹಾಕ್ಕೊಂಡು ತಿರುಗತಿದ್ನೇನೋ.

ಆಮೇಲೆ ಹೋಗೋದು ಶುರು ಆತು. "ಸೋಲಾಕತ್ತಿದ ಕೂಡಲೇ ಬಿಡಬೇಕಿತ್ತಲ್ಲೋ" ಅಂತ ಈಗ ಮಂದಿ ನನಗ ಹೇಳ್ತಾರ. ಆಹಾ, ಏನ ಶ್ಯಾಣ್ಯಾತನ! ಸೋತಾಗಲೇ ಬಿಡಾಕ ಆಗೋದಿಲ್ಲ. ಗೆದ್ದಾಗ ನಾಳೆ ಆಡಿದ್ರಾತು ಅನಸ್ತೈತಿ. ಸೋತಾಗ ಈಗಲೇ, ಇನ್ನೊಂದು ಕೈ, ಇದೊಂದೇ ಕೈ ಅಂತ ಮೈ ತುಂಬ ಅವಸರ. ಕಟಿಂಗ್ ಶಾಪಿನ ಬೆಂಚಿನ ಮ್ಯಾಲೆ ಆಡಿದೆ, ಸೊಸೈಟಿ ಸಂಡಾಸದಾಗ ಆಡಿದೆ. ಮಗಳ ಸಾಲಿ ಗ್ಯಾದರಿಂಗಿನ್ಯಾಗ ಆಡಿದೆ. ಆಕಿ ವೇದಿಕಿ ಮ್ಯಾಲೆ ಕುಣಿದು ಇಳಿದು ಓಡಿ ಬಂದು, "ಅಪ್ಪಾ, ನೋಡಿದ್ಯಾ?" ಅಂತ ಕೇಳಿದ್ಲು. "ನೋಡಿದೆ ಅವ್ವಾ, ಭಾಳ ಚೊಲೋ ಕುಣಿದಿ" ಅಂದೆ. ಯಾವ ಹಾಡಿಗೆ ಕುಣಿದ್ಲು ಅಂತ ನನಗ ಇವತ್ತಿಗೂ ಗೊತ್ತಿಲ್ಲ. ಕೇಳಾಕ ಮಾರಿ ಇಲ್ಲ.

ಮೊದಲು ನನ್ನ ಕಮಿಷನ್ ಹೋತು. ಆಮೇಲೆ ಹೆಂಡ್ತಿಯ ಎರಡೆಳಿ ಸರ, ಪಾಲಿಶ್ ಮಾಡಿಸಿಕೊಂಡ ಬರ್ತೇನಿ ಅಂತ ಒಯ್ದದ್ದು. ಸರ ಎಲ್ಲಿ ಅಂತ ಆಕಿ ಕೇಳಿದಾಗ ತಾಟು ನೂಕಿ ಸಿಟ್ಟು ಮಾಡಿ ಎದ್ದೆ. ಸುಳ್ಳು ಹೇಳಾಂವ ಮೊದಲು ಸಿಟ್ಟು ಮಾಡ್ತಾನ, ಇದನ್ನ ನಾ ನನ್ನ ಮೈಮ್ಯಾಲೆ ಕಲತೇನಿ. ಆಕಿ ಅತ್ತು ಕರದು ಮಾಡಲಿಲ್ಲ. ಒಂದು ಶನಿವಾರ ಕದರಮಂಡಲಗಿಗೆ ಕರ್ಕೊಂಡ ಹೋಗಿ, ಹನುಮಪ್ಪನ ಮುಂದ ನಿಲ್ಲಿಸಿ, ಇನ್ನು ಆಡೋದಿಲ್ಲ ಅಂತ ಆಣಿ ಮಾಡಿಸಿದ್ಲು. ಖರೇನೇ ಮನಸ್ಸಿಟ್ಟು ಮಾಡಿದೆ, ಕಣ್ಣಾಗ ನೀರೂ ಬಂದ್ವು. ತಿರುಗಿ ಬರೋ ಬಸ್ಸಿನ್ಯಾಗ ಆಕಿ ನನ್ನ ಹೆಗಲಿಗೆ ತಲಿ ಕೊಟ್ಟು ನಿದ್ದಿ ಹೋದ್ಲು. ಎಷ್ಟೋ ದಿನದ ಮ್ಯಾಲೆ ಹಂಗ ನಿದ್ದಿ ಮಾಡಿದ್ದು. ಊರು ಮುಟ್ಟೋದ್ರೊಳಗ ನಾ ಇನ್ನೊಂದು ಕೈಲೆ ಫೋನ್ ತಗದಿದ್ದೆ.

ಮೊದಲ ಸಹಿ ಚೀಟಿ ತುಂಬಿದ್ದು ಚಪ್ಪಲ್ ಅಂಗಡಿಯವರದು, ಮೂರು ಸಾವಿರ. ಎರಡು ದಿನದೊಳಗ ತಿರುಗಿ ತುಂಬತೇನಿ ಅಂತ ನನಗ ನಾನೇ ಹೇಳ್ಕೊಂಡೆ. ಬರಿಯೋ ಮುಂದ ಕೈ ನಡುಗಿತೇನು ಅಂತ ವಕೀಲರು ಆಮೇಲೆ ಕೇಳಿದ್ರು. ಇಲ್ಲ, ನಡುಗಲಿಲ್ಲ. ಅಕ್ಷರ ಸೈತ ದುಂಡಗ ಬಂದಿತ್ತು. ಹಿಂಗ ಒಂದರ ಮ್ಯಾಲೊಂದು, ವರ್ಷ ತುಂಬೋದ್ರೊಳಗ ಹನ್ನೆರಡೂ ಮಂದಿ ಚೀಟಿ ಮುಗಿದ್ವು. ದಿನಾ ಅವರ ಹಂತೇಕ ಹೋಗಿ ರೊಕ್ಕ ಇಸ್ಕೊಂಡು, ನಕ್ಕೋತ ಮಾತಾಡಿ, ಮಷೀನ್ ಚೀಟಿ ಹರಿದು ಕೊಡ್ತಿದ್ದೆ. ಅಕ್ಕ ಕೊಟ್ಟ ಮಿರ್ಚೀನೂ ತಿಂತಿದ್ದೆ.

ಒಂದು ದಿನ ಅಕ್ಕ ಗಾಡಿ ಬಂದ್ ಮಾಡಿ ಸೊಸೈಟಿಗೆ ಬಂದ್ಲು. ಅಮಾಸಿಗೂ ಗಾಡಿ ಬಂದ್ ಇಡದಾಕಿ. ನಾ ಒಳಗ ಮೂಲ್ಯಾಗ ಕುಂತು ಹಿಂದಿನ ದಿನದ ಜಮಾ ಬರಿಯಾಕತ್ತಿದ್ದೆ. ಇಳಕಲ್ ಸೀರಿ ಉಟ್ಟಿದ್ಲು, ಕೈಯಾಗ ಫೇಡೆ ಡಬ್ಬಿ. ಬಸ್ ಸ್ಟ್ಯಾಂಡ್ ಹಿಂದ ಒಂದು ಮಳಿಗಿ ಮಾತಾಗಿತ್ತಂತ, ಮಾಲಕರಿಗೆ ಅವತ್ತೇ ಡಿಪಾಜಿಟ್ ಕೊಡಬೇಕಿತ್ತಂತ. ನನಗ ಗೊತ್ತಾಗದಂಗ ಮಾಡಿ ಖುಷಿ ಪಡಸಬೇಕು ಅಂತ ಹೇಳಿರ್ಲಿಲ್ಲ. ಎಲ್ಲಾರಿಗೂ ಒಂದೊಂದು ಫೇಡೆ ಹಂಚಿ ನನಗ ಎರಡು ಕೊಟ್ಲು. ಆಮೇಲೆ ಕೌಂಟರಿಗೆ ಹೋಗಿ ಪಾಸ್ ಬುಕ್ ಇಟ್ಟು, "ಎಲ್ಲಾ ತಗೀರಿ" ಅಂದ್ಲು.

ಕ್ಲರ್ಕ್ ಕಂಪ್ಯೂಟರ್ ನೋಡಿ, "ಆರನೂರಾ ನಲವತ್ತು ಐತ್ರಿ" ಅಂದ.

"ಇನ್ನೊಮ್ಮೆ ನೋಡ್ರಿ."

"ಆರನೂರಾ ನಲವತ್ತೇ ಐತಿ."

ಎಪ್ಪತ್ನಾಕು ಸಾವಿರ ಇರಬೇಕಾಗಿತ್ತು. ಅಕ್ಕ ಚೀರಲಿಲ್ಲ. ನನ್ನ ಕಡೆ ಕೈ ಮಾಡಿ ನಕ್ಕೋತ, "ಎಲ್ಲೋ ಬರಿಯೋದ್ರಾಗ ತಪ್ಪಾಗಿರತೈತಿ, ಇರ್ಲಿ ಬಿಡ್ರಿ. ಅಲ್ಲೇ ಕುಂತಾನಲ್ಲ ನನ್ನ ತಮ್ಮ, ಅಂವ ನೋಡ್ತಾನ" ಅಂದ್ಲು. ನನ್ನ ಬಾಯಾಗ ಆಕಿ ಕೊಟ್ಟ ಫೇಡೆ ಇತ್ತು. ನುಂಗಾಕೂ ಆಗಲಿಲ್ಲ, ಉಗುಳಾಕೂ ಆಗಲಿಲ್ಲ. ಆಕಿ ನನ್ನ ಮಾರಿ ನೋಡಿದ್ಲು, ನಾ ನೆಲ ನೋಡಿದೆ. ಆಕಿಗೆ ತಿಳಿಯಾಕ ಅಷ್ಟೇ ಸಾಕಾತು. ಫೇಡೆ ಡಬ್ಬಿ ಅಲ್ಲೇ ಕೌಂಟರ್ ಮ್ಯಾಲೆ ಬಿಟ್ಟು ಹೋದ್ಲು.

ಮುಂದಿನದು ಲಗೂನ ಆತು. ಸೊಸೈಟಿಯವರು ಹಳೇ ಚೀಟಿ ತಗದು ತೋರಿಸಿ, "ಸಹಿ ನಿಮ್ಮದೇ ಐತಲ್ಲರಿ, ನಾವೇನು ಮಾಡೋಣು" ಅಂದ್ರು. ಹನ್ನೆರಡೂ ಮಂದಿಗೆ ಅದೇ ಮಾತು. ಹನ್ನೊಂದು ಮಂದಿ ಕೂಡಿ ಪೊಲೀಸ್ ಸ್ಟೇಷನ್ನಿಗೆ ಹೋದ್ರು. ಅಕ್ಕ ಹೋಗಲಿಲ್ಲ. ಬಂದು ಕಾಲಾಗಿನ ಚಪ್ಪಲಿ ತಗದು ಹೊಡದಿದ್ರ ನನಗ ಹಗರಾಗತಿತ್ತು. ಏನೂ ಮಾಡಲಿಲ್ಲ. ಮಳಿಗಿ ಬ್ಯಾರೆಯವರ ಪಾಲಾತು, ಅಕ್ಕ ಮರುದಿನ ಗಾಡಿ ಹಚ್ಚಿದ್ಲಂತ.

ಕೋರ್ಟಿನ್ಯಾಗ ತಪ್ಪು ಒಪ್ಪಿಕೊಂಡೆ. ಹಾವೇರಿ ಜೈಲಿನ್ಯಾಗ ಒಂದು ವರ್ಷ ಇದ್ದೆ. ಅಲ್ಲಿಯ ಕಥಿ ಹೇಳಾಕ ನನಗ ಮನಸ್ಸಿಲ್ಲ. ಮೊದಲ ಒಂದು ತಿಂಗಳು ಬಲಗೈ ಹೆಬ್ಬೆರಳು ತಾನೇ ತಾನೇ ಆಡತಿತ್ತು, ಫೋನ್ ಒತ್ತಿದಂಗ, ಅದೊಂದು ನೆನಪೈತಿ. ಹೆಂಡ್ತಿ ಮಗಳನ್ನ ಕರ್ಕೊಂಡು ತವರಿಗೆ, ಅಗಡಿಗೆ ಹೋಗಿದ್ಲು. ಅಲ್ಲಿಂದ ದಿನಾ ಹಾವೇರಿಗೆ ಬಂದು ಅರಿಬಿ ಅಂಗಡ್ಯಾಗ ದುಡೀತಿದ್ಲು. ಅಂಗಡಿಯಿಂದ ಜೈಲು ದೂರ ಏನಲ್ಲ, ಆದ್ರೂ ವರ್ಷದಾಗ ನನ್ನ ನೋಡಾಕ ಬಂದದ್ದು ಮೂರೇ ಸಲ. ಮೂರನೇ ಸಲ ನಿಂತುಕೊಂಡೇ ಹೇಳಿದ್ಲು: "ಹೊರಗ ಬಂದ ಮ್ಯಾಲೆ ನಿಮ್ಮ ಪಗಾರ ನನ್ನ ಕೈಯಾಗ. ನಿಮಗ ಆಟ ಬರದಂಥಾ ಡಬ್ಬಾ ಫೋನು. ಆ ಹನ್ನೆರಡು ಮಂದಿ ರೊಕ್ಕ ಪೈಸಾ ಬಿಡದ ಮುಟ್ಟಬೇಕು. ಹೂಂ ಅಂದ್ರ ನಾನೂ ಮಗಳೂ ಬರ್ತೇವಿ. ಇಲ್ಲಾಂದ್ರ ನಮಗ ಅಗಡೀನೇ ಚೊಲೋ."

"ಹೂಂ. ಆಣಿ ಮಾಡ್ಲೇನು?" ಅಂದೆ.

"ನಿಮ್ಮ ಆಣಿ ನೋಡೇನಿ, ಸುಮ್ಮನಿರ್ರಿ" ಅಂದ್ಲು.

ರಾಣೆಬೆನ್ನೂರಿನ್ಯಾಗ ಮಾರಿ ಇಟ್ಟು ಇರಾಕ ಆಗತಿರ್ಲಿಲ್ಲ. ಬ್ಯಾಡಗಿಯೊಳಗ ಒಂದು ಖೋಲಿ ಹಿಡದ್ವಿ. ಮೆಣಸಿನಕಾಯಿ ಮಾರ್ಕೆಟ್ಟಿನ್ಯಾಗ ನನಗ ಹಮಾಲಿ ಸಿಕ್ತು, ಆಕಿಗೆ ಮೆಣಸಿನಕಾಯಿ ತೊಟ್ಟು ಬಿಡಿಸೋ ಕೆಲಸ. ನನ್ನಂಥಾವನ್ನ ಗಲ್ಲಾ ಮುಂದ ಯಾರು ಕೂಡಸ್ತಾರ? ಕೂಡಸಬಾರ್ದು ಕೂಡ. ಚೀಲ ಹೊರೋದು, ತೂಕಕ್ಕ ಇಡೋದು, ಲಾರಿಗೆ ಏರಿಸೋದು. ಟೆಂಡರ್ ಇರೋ ಸೋಮವಾರ, ಗುರುವಾರ ಮಾರ್ಕೆಟ್ ತುಂಬ ಕೆಂಪು ಚೀಲ. ಆ ಘಾಟಿಗೆ ಹೊಸಬರು ನಿಲ್ಲಾಕ ಆಗೋದಿಲ್ಲ. ಮೊದಲ ವಾರ ಸೀನಿ ಸೀನಿ ಪಕ್ಕಡಿ ನೋವಾದ್ವು. ಕುತ್ತಿಗಿ ಉರಿ, ಕಣ್ಣು ಉರಿ, ನೀರು ಹಾಕ್ಕೊಂಡ್ರ ಇನ್ನೂ ಉರಿ. ಸುದ್ದಿ ಅಲ್ಲಿಗೂ ಮುಟ್ಟಿತ್ತು. "ಏನೋ ಪಿಗ್ಮಿ, ಮಷೀನೇ ಹಗರಿತ್ತಲ್ಲಾ?" ಅಂತ ಹಳೇ ಹಮಾಲರು ನಗತಿದ್ರು. ನಾನೂ ನಗತಿದ್ದೆ. ಖರೇ ಹೇಳಬೇಕಂದ್ರ ಆ 'ಪಿಗ್ಮಿ' ಅನ್ನೋದ್ರಾಗ ಒಂದಿಷ್ಟು ಪ್ರೀತಿ ಇತ್ತು.

ಹನ್ನೆರಡು ಹಳದಿ ಕಾರ್ಡು ತಂದು ಗೀಟು ಹಾಕಿದೆ, ತಾರೀಕಿಗೊಂದು ಮನಿ, ರೊಕ್ಕಕ್ಕೊಂದು, ಸಹಿಗೊಂದು. ರೊಕ್ಕ ಮುಟ್ಟಿದ ಮ್ಯಾಲೆ ಅವರೇ ಸಹಿ ಹಾಕಬೇಕು, ಕಾರ್ಡು ಅವರ ಕಡೇನೇ ಇರಬೇಕು. ಇನ್ನು ಯಾರ ಸಹೀನೂ ನನ್ನ ಬ್ಯಾಗಿನ್ಯಾಗ ಇರಬಾರ್ದು ಅಂತ ಠರಾವು ಮಾಡಿದ್ದೆ. ರವಿವಾರ ಮುಂಜಾನೆ ಹೆಂಡ್ತಿ ಇನ್ನೂರರ ಹನ್ನೆರಡು ನೋಟು ಎಣಿಸಿ ಕೊಡ್ತಿದ್ಲು, ಜೊತಿಗೆ ಹೋಗಿ ಬರಾಕ ಗಾಡಿ ಖರ್ಚು. ರಾಣೆಬೆನ್ನೂರ ರೈಲ್ವೆ ಸ್ಟೇಷನ್ನಿಗೆ ಇಳಿದು ಅದೇ ದಾರಿ ಹಿಡಿದು ಅಂಗಡಿ ಅಂಗಡಿಗೆ ಹೋಗತಿದ್ದೆ.

ಮೊದಲ ವಾರ ಚಪ್ಪಲ್ ಅಂಗಡಿಯವರು ನೋಟು ಬೆಳಕಿಗೆ ಹಿಡಿದು ನೋಡಿದ್ರು. ಬಳಿ ಅಂಗಡಿಯವರು, "ನನ್ನ ಮೆಟ್ಟಲು ಹತ್ತಬ್ಯಾಡ, ಕೆಳಗ ನಿಂತು ಕೊಡು" ಅಂದ್ರು. ಕೆಳಗ ನಿಂತು ಕೊಟ್ಟೆ. ವರ್ಷ ದಾಟಿದ ಮ್ಯಾಲೆ ಅವರೇ ಒಂದು ದಿನ, "ಮ್ಯಾಲೆ ಬಾರಲೇ, ಬಿಸಲಾಗ ಯಾಕ ನಿಂತಿ" ಅಂದ್ರು. ಕಟಿಂಗ್ ಶಾಪಿನಂವ ಒಬ್ಬನೇ ಮೊದಲ ದಿನವೇ ನಕ್ಕು, "ಮುಂಚೆ ತಗೊಂಡ ಹೋಗಾಕ ಬರ್ತಿದ್ದಿ, ಈಗ ಕೊಡಾಕ ಬರ್ತಿ, ಉಲ್ಟಾ ಪಿಗ್ಮಿ ಆತಲ್ಲೋ" ಅಂದ. ಹೆಸರು ಅಲ್ಲಿಂದ ಹುಟ್ಟಿದ್ದು.

ಅಕ್ಕ ಮಾತ್ರ ಮುಟ್ಟಲಿಲ್ಲ. ಮೊದಲ ಸಲ ನಾ ನೋಟು ಚಾಚಿದಾಗ ಮಿರ್ಚಿ ತಗಿಯೋ ಜಾರಿ ಕೈಯಾಗ ಹಿಡಕೊಂಡೇ ಕೇಳಿದ್ಲು, "ಇದು ಎಲ್ಲೀ ರೊಕ್ಕ?"

"ದುಡಿದದ್ರಿ ಅಕ್ಕಾರ."

"ಹಿಂದನೂ ಹಿಂಗೇ ಮಾರಿ ಮಾಡ್ಕೊಂಡು ಮಾತಾಡ್ತಿದ್ದಿ. ಆಟದ ರೊಕ್ಕ ನನ್ನ ಗಲ್ಲಾದಾಗ ಬ್ಯಾಡ. ಸರಿ ಅತ್ತ, ಗಿರಾಕಿಗೆ ಅಡ್ಡ ಆಗ್ತಿ."

ತಮ್ಮಾ ಅನ್ನಲಿಲ್ಲ. ಮುಂದಿನ ವಾರನೂ ಹಂಗೇ, ಅದರ ಮುಂದಿನ ವಾರನೂ ಹಂಗೇ. ಉಳಿದ ಹನ್ನೊಂದು ಕಾರ್ಡಿನ್ಯಾಗ ಸಹಿ ಬೀಳಾಕತ್ವು, ಆಕಿ ಕಾರ್ಡು ಮಾತ್ರ ನನ್ನ ಕಿಸೇದಾಗ ಖಾಲಿ ಉಳೀತು. ಆಕಿ ಮಾತಿನ್ಯಾಗ ತಪ್ಪೇನಿತ್ತು? ನನ್ನ ಕೈಯಾಗಿನ ರೊಕ್ಕ ಬೆವರಿನದೋ ಆಟದ್ದೋ ಅಂತ ಆಕಿಗೆ ಹ್ಯಾಂಗ ಗೊತ್ತಾಗಬೇಕು? ಆಕಿ ಇಸ್ಕೊಳ್ಳೋತನಕ ನಾ ಆಟ ಬಿಟ್ಟೇನಿ ಅಂತ ನನಗೂ ಪೂರ್ತಿ ಭರೋಸ ಬರ್ತಿರ್ಲಿಲ್ಲ. ಹೆಂಡ್ತಿ ಮಾತ್ರ ಪ್ರತಿ ವಾರ ಅಕ್ಕನ ಪಾಲಿನ ಇನ್ನೂರು ಒಂದು ಚಹಾಪುಡಿ ಡಬ್ಬ್ಯಾಗ ಹಾಕಿಡ್ತಿದ್ಲು. "ಇದು ನಮ್ಮದಲ್ಲ, ಅವರು ಒಯ್ಯೋತನಕ ಇಲ್ಲಿರ್ಲಿ" ಅಂತಿದ್ಲು.

ಒಂದು ರವಿವಾರ ಅಕ್ಕನ ಕಡೆ ಬೈಸ್ಕೊಂಡು ಬಂದು ರಾಣೆಬೆನ್ನೂರ ಸ್ಟೇಷನ್ನಿನ್ಯಾಗ ಗಾಡಿ ಕಾಯಾಕತ್ತಿದ್ದೆ. ಬಾಜೂಕ ಕುಂತ ಒಬ್ಬ ವಯಸ್ಸಾದ ಮನಷ್ಯಾ ಫೋನಿನ್ಯಾಗ ಅದೇ ಆಟ ಹಚ್ಚಿದ್ದ. ಎಲಿ ಹಂಚೋ ಆ ಸಪ್ಪಳ ಕಿವಿಗೆ ಬಿದ್ದದ್ದೇ ನನ್ನ ಬಾಯಿ ಒಣಗಿತು. ಅಕ್ಕ ಒಲ್ಲೆ ಅಂದ ಇನ್ನೂರು ಕಿಸೇದಾಗ ಇತ್ತು. ಹೆಂಡ್ತಿಗೆ ಫೋನ್ ಹಚ್ಚಿ, "ಇನ್ನೂರು ಕಿಸೇದಾಗ ಐತಿ, ಬಾಜೂಕ ಒಬ್ಬ ಆಡಾಕತ್ಯಾನ" ಅಂದೆ. ಆಕಿ ಬೈಲಿಲ್ಲ. "ಎದ್ದು ಆ ಕಡೆ ಹೋಗ್ರಿ, ಫೋನ್ ಇಡಬ್ಯಾಡ್ರಿ" ಅಂದು, ಸಂತ್ಯಾಗ ಬದನಿಕಾಯಿ ಎಷ್ಟು ತುಟ್ಟಿ ಆಗ್ಯಾವು, ಮಗಳು ಗಣಿತದಾಗ ಎಷ್ಟು ತಗೊಂಡ್ಲು, ಬಾಜೂ ಮನಿಯವರು ನಳದ ಮುಂದ ಏನು ಜಗಳ ತಗದ್ರು ಅಂತ ಗಾಡಿ ಬರೋತನಕ ಮಾತಾಡಿದ್ಲು. ನಾ ಬರೇ ಹೂಂ ಹೂಂ ಅಂದೆ. ನಾನು ಉಳದದ್ದು ಇಂಥಾ ಮಾತಿನಿಂದ, ಯಾವ ದೊಡ್ಡ ಉಪದೇಶದಿಂದಲೂ ಅಲ್ಲ.

ಎರಡನೇ ವರ್ಷದ ಸುಗ್ಗ್ಯಾಗ ಒಂದು ಸಲ ರವಿವಾರನೂ ಲೋಡಿಂಗ್ ಬಂತು. ಮುಂಜಾನೆ ಒಂದು ಲಾರಿ ತುಂಬಿಸಿ, ಮೈ ತೊಳಕೊಳ್ಳಾಕೂ ಹೊತ್ತಿಲ್ಲದ ಅದೇ ಅಂಗಿ ಮ್ಯಾಲೆ ರೈಲು ಹತ್ತಿದೆ. ಅಕ್ಕನ ಗಾಡಿ ಮುಂದ ನಿಂತು ನೋಟು ಚಾಚಿದೆ. ಆಕಿಗೆ ಅವತ್ತು ಯಾಕೋ ಸಿಟ್ಟು ನೆತ್ತಿಗೇರಿತ್ತು. "ಎಷ್ಟು ಸಲ ಹೇಳಬೇಕೋ ನಿನಗ" ಅಂತ ನೋಟು ಕಸಕೊಂಡು ನನ್ನ ಅಂಗಿ ಕಿಸೇದಾಗ ತುರುಕಾಕ ಬಂದ್ಲು. ಬಂದಾಕಿ ಅಲ್ಲೇ ನಿಂತು ಸೀನಿದ್ಲು. ಇನ್ನೊಮ್ಮೆ ಸೀನಿದ್ಲು. ಗಿರ್ಮಿಟ್ ತಿನ್ನಾಕತ್ತಿದ್ದ ಗಿರಾಕಿನೂ ಸೀನಿದ. ಆಕಿ ನೋಟು ಮೂಗಿನ ಹಂತೇಕ ಹಿಡದು ಮೂಸಿ ನೋಡಿದ್ಲು, ಮತ್ತ ಸೀನಿದ್ಲು.

"ಏನೋ ಇದು, ಇಷ್ಟು ಘಾಟು!"

"ಬ್ಯಾಡಗಿದ್ರಿ ಅಕ್ಕಾರ. ಮಾರ್ಕೆಟ್ಟಿನ್ಯಾಗ ಹಮಾಲಿ ಮಾಡ್ತೇನಿ."

"ಕೈ ತೋರಸು."

ತೋರಿಸಿದೆ. ಬೊಕ್ಕಿ ಎದ್ದು ಒಡದಿದ್ವು, ಉಗುರಿನ ಸಂದ್ಯಾಗ ಕೆಂಪು ಕುಂತಿತ್ತು. ಜೀವಮಾನ ಎಲ್ಲಾ ಖಾರಪುಡಿ ಕಲಿಸಿದಾಕಿ ಅಕ್ಕ, ಆ ಕೆಂಪು ಒಂದೆರಡು ದಿನಕ್ಕ ಹತ್ತೋದಲ್ಲ ಅಂತ ಆಕಿಗೆ ಯಾರೂ ಹೇಳಬೇಕಾಗಿರ್ಲಿಲ್ಲ. ಬೆರಳಿಂದ ತಿಕ್ಕಿ ನೋಡಿದ್ಲು. ಗಲ್ಲಾ ಮುಚ್ಚಳ ತಗದು ನೋಟು ಒಳಗ ಹಾಕಿದ್ಲು. "ಅದೇನೋ ಕಾರ್ಡು ಕೊಡ್ತಿಯಂತಲ್ಲ, ತಾ" ಅಂದ್ಲು. ಸೊಟ್ಟ ಸೊಟ್ಟ ಅಕ್ಷರದಾಗ ಸಹಿ ಹಾಕಿದ್ಲು. ನನ್ನ ಕಣ್ಣಾಗ ನೀರು ಬಂದ್ವು. ಖಾರಕ್ಕ ಅಂತ ಅಂಗಿ ತೋಳಿನಿಂದ ಒರಸ್ಕೊಂಡೆ.

"ಮಿರ್ಚಿ ತಿಂತಿಯೇನು?"

"ರೊಕ್ಕ ಕೊಟ್ಟು ತಿಂತೇನ್ರಿ."

"ಮತ್ತೇನು, ಪುಕ್ಕಟ ಕೊಡ್ತೇನಿ ಅಂದ್ನೇನು? ಹತ್ತು ರೂಪಾಯಿ ತಗಿ."

ಗಾಡಿ ಖರ್ಚಿನ ಹತ್ತು ರೂಪಾಯಿ ಅದಕ್ಕ ಹೋತು. ಬ್ಯಾಡಗಿ ಸ್ಟೇಷನ್ನಿನಿಂದ ಮನಿಗೆ ನಡಕೋತ ಹೋದೆ. ಮುಂದಿನ ರವಿವಾರ ಹೆಂಡ್ತಿ ತಾನೇ ನನ್ನ ಕೂಡ ಬಂದು ಆ ಚಹಾಪುಡಿ ಡಬ್ಬಿ ಅಕ್ಕನ ಮುಂದ ಇಟ್ಲು. ಇಬ್ಬರೂ ನನ್ನ ಬಿಟ್ಟು ಬಾಜೂಕ ಸರಿದು ಏನೋ ಭಾಳ ಹೊತ್ತು ಮಾತಾಡಿದ್ರು. ಏನಂತ ನನಗ ಹೇಳಲಿಲ್ಲ, ನಾ ಕೇಳಲೂ ಇಲ್ಲ.

ಹಂಗ ಒಂದೊಂದೇ ಕಾರ್ಡು ಮುಗೀತಾ ಬಂದ್ವು. ಸಣ್ಣ ಸಣ್ಣವು ಮೊದಲು ಮುಗಿದ್ವು. ಅವರ ಪಾಲು ಅಕ್ಕನ ಕಾರ್ಡಿಗೆ ಕೂಡ್ತಾ ಹೋತು. ಕಡೀಕ ಉಳದದ್ದು ಆಕಿದೊಂದೇ. ಅಷ್ಟೊತ್ತಿಗೆ ನಗರಸಭೆಯವರ ಮಳಿಗಿ ಹರಾಜಿನ್ಯಾಗ ಅಕ್ಕಗ ಒಂದು ಸಣ್ಣ ಮಳಿಗಿ ಬಂದಿತ್ತು. ಡಿಪಾಜಿಟ್ ಎಂಬತ್ತು ಸಾವಿರ, ಬ್ಯಾಂಕಿನ್ಯಾಗ ಚಲನ್ ತುಂಬಬೇಕು. ಕಡೀ ದಿನ ಒಂದು ಶುಕ್ರವಾರ, ನಾಕು ಗಂಟೆಯೊಳಗ. ತುಂಬದಿದ್ರ ಮಳಿಗಿ ಮುಂದಿನವರಿಗೆ. ಆಕಿಗೆ ನನ್ನ ಕಡೀ ಕಂತು ಬಂದ್ರ ಎಂಬತ್ತು ಪೂರ್ತಿ ಆಗತಿತ್ತು. ಅವತ್ತು ಮಾರ್ಕೆಟ್ಟಿಗೆ ರಜಾ ಹಾಕಿ ಮಧ್ಯಾಹ್ನ ಎರಡಕ್ಕ ಆಕಿ ಗಾಡಿ ಮುಂದ ನಿಂತೆ.

ಕಂತು ಎಣಿಸಿಕೊಂಡು ಕಾರ್ಡಿನ ಕಡೀ ಗೀಟಿನ್ಯಾಗ ಸಹಿ ಹಾಕಿದ್ಲು. ಗಾಡಿ ಕೆಳಗಿನಿಂದ ಎಣ್ಣಿ ಜಿಡ್ಡಿನ ಒಂದು ಕೈಚೀಲ ತಗದು, ಅದರಾಗ ನನ್ನ ಕಂತೂ ಹಾಕಿ, ಬಾಯಿ ಗಂಟು ಕಟ್ಟಿದ್ಲು. ಚೀಲ ನನ್ನ ಕೈಯಾಗ ಇಟ್ಟು, "ತಮ್ಮಾ, ಎಣ್ಣಿ ಕಾಯ್ದೈತಿ, ಮೊಣಕಾಲು ಏಳಾಕ ಒಲ್ಲವು. ನೀ ಹೋಗಿ ತುಂಬಿ ಬಾ" ಅಂದ್ಲು.

ಫೇಡೆ ಕೊಟ್ಟ ದಿನದ ಮ್ಯಾಲೆ ಆಕಿ ನನಗ ತಮ್ಮಾ ಅಂದದ್ದು ಅದೇ ಮೊದಲು.

ಖರೇ ಹೇಳ್ತೇನಿ, ಮುಚ್ಚಿಡೋದಿಲ್ಲ. ಚೀಲದ ವಜ್ಜಿ ಕೈಗೆ ಹತ್ತಿದ್ದೇ ತಡಾ, ತಲಿ ತಾನೇ ಲೆಕ್ಕ ಹಾಕಾಕತ್ತು. ನಾಕಕ್ಕ ಇನ್ನೂ ಎರಡು ತಾಸು ಐತಿ. ಬ್ಯಾಂಕಿಗೆ ಹೋಗೋ ದಾರ್ಯಾಗ ಮೊಬೈಲ್ ಅಂಗಡಿ ಐತಿ, ಹಳೇ ಫೋನು ಐದು ಸಾವಿರಕ್ಕ ಸಿಗತೈತಿ. ಒಂದು ತಾಸು ಆಡಿದ್ರ ಸಾಕು, ಎಂಬತ್ತು ತುಂಬಿ ಮ್ಯಾಲೆ ಮಗಳ ಫೀ ಆಗತೈತಿ. ಇಷ್ಟೆಲ್ಲಾ ಬಾಣಲ್ಯಾಗ ಬಿಟ್ಟ ಮಿರ್ಚಿ ತಳ ಮುಟ್ಟಿ ಮ್ಯಾಲೆ ತೇಲೋದ್ರೊಳಗ ಬಂದು ಹೋತು. ಇಷ್ಟು ವರ್ಷ ಚೀಲ ಹೊತ್ತು, ಇಷ್ಟು ರವಿವಾರ ತಿರುಗಿ, ಬಿಟ್ಟು ಹೋತು ಅಂದ್ಕೊಂಡಿದ್ದ ಚಟ ಎಲ್ಲೂ ಹೋಗಿರ್ಲಿಲ್ಲ. ಅಲ್ಲೇ ಕುಂತಿತ್ತು. ನನಗ ಅಂಜಿಕಿ ಬಂತು, ಜೈಲಿಗೆ ಹೋಗೋ ಮುಂದ ಬಂದಿದ್ದಕ್ಕಿಂತ ಜಾಸ್ತಿ.

ಚೀಲ ತಿರುಗಿ ಆಕಿ ಮುಂದ ಇಟ್ಟೆ. "ಅಕ್ಕಾರ, ನನ್ನ ಕೈಯಾಗ ಕೊಡಬ್ಯಾಡ್ರಿ."

"ಯಾಕೋ? ನಾ ನಂಬೇನಲ್ಲ."

"ನೀವು ನಂಬೀರಿ. ನಾ ಇನ್ನೂ ನಂಬಿಲ್ರಿ."

ಆಕಿ ಮಾರಿ ಸಣ್ಣದಾತು. "ಇಷ್ಟು ವರ್ಷದ ಮ್ಯಾಲೆ ನಾನಾಗಿ ಕೊಟ್ರ ಒಲ್ಲೆ ಅಂತಿಯಲ್ಲೋ. ನಾನೀಗ ಹೋದ್ರ ಗಾಡಿ ಯಾರು ನೋಡ್ಕೋಬೇಕು? ಇಷ್ಟು ಹಿಟ್ಟು ಕಲಸೇನಿ."

"ನಾ ಮಿರ್ಚಿ ಕರೀತೇನಿ. ನೀವು ಆಟೋದಾಗ ಹೋಗಿ ತುಂಬಿ ಬರ್ರಿ."

"ನಿನಗ ಕರಿಯಾಕ ಬರ್ತೈತೇನು?"

"ಹನ್ನೊಂದು ವರ್ಷ ಇಲ್ಲೇ ನಿಂತು ನೋಡೇನಲ್ಲರಿ."

ಆಕಿ ನನ್ನ ಮಾರಿ ಒಮ್ಮೆ, ಚೀಲ ಒಮ್ಮೆ ನೋಡಿದ್ಲು. ಆಮೇಲೆ ನಗು ತಡಕೊಳ್ಳಾಕ ಆಗದ ಸೆರಗು ಬಾಯಿಗೆ ಹಿಡಕೊಂಡ್ಲು. ಕಟಿಂಗ್ ಶಾಪಿನಂವ ಆಟೋ ಕರದು ಕೈ ಹಿಡದು ಹತ್ತಿಸಿದ. ಆಟೋ ಹೊಂಡೋದ್ರಾಗ ನಾ ಓಡಿ ಹೋಗಿ ಗಲ್ಲಾ ಡಬ್ಬೀನೂ ಆಕಿ ತೊಡಿ ಮ್ಯಾಲೆ ಇಟ್ಟೆ. "ಇದನ್ನೂ ಒಯ್ಯಿರಿ." ಒಂದು ಕೈಯಾಗ ಚೀಲ, ಇನ್ನೊಂದು ಕೈಯಾಗ ಗಲ್ಲಾ ಅಪ್ಪಿಕೊಂಡು ಹೋದ್ಲು.

ಮೊದಲ ಘಾಣದ ಮಿರ್ಚಿ ಹೊತ್ತಿ ಕರಕಾದ್ವು. ಎರಡನೇದು ಪರವಾ ಇರ್ಲಿಲ್ಲ. ಗಿರಾಕಿ ತಿಂದು ರೊಕ್ಕ ಚಾಚಿದ್ರ ನಾ ಕೈ ಹಿಂದ ಕಟ್ಕೊಂಡು, "ಅಕ್ಕ ಬಂದ ಮ್ಯಾಲೆ ಕೊಡ್ರಿ" ಅಂತಿದ್ದೆ. "ಬಸ್ಸಿಗೆ ಹೊತ್ತಾತು ಮಾರಾಯಾ" ಅಂದವರಿಗೆ, "ಹಂಗಾರ ಅಲ್ಲಿ ಕಟಿಂಗ್ ಶಾಪಿನ್ಯಾಗ ಕೊಟ್ಟು ಹೋಗ್ರಿ" ಅಂದೆ. ಮಂದಿಗೆ ಇಂವಗ ತಲಿ ಕೆಟ್ಟೈತಿ ಅನಿಸಿರಬೇಕು. ಕಟಿಂಗ್ ಶಾಪಿನಂವ ಒಂದು ಕೈಯಾಗ ಕತ್ರಿ, ಇನ್ನೊಂದು ಕೈಯಾಗ ಮಿರ್ಚಿ ರೊಕ್ಕ ಹಿಡಕೊಂಡು ನನಗ ಬೈಕೋತ ಕೆಲಸ ಮಾಡಿದ. ನಾ ಗಡಿಯಾರ ನೋಡ್ಕೋತ ಕರದೆ. ಮೂರು ಆತು, ಮೂರೂಕಾಲು ಆತು.

ಮೂರೂವರಿಗೆ ಆಟೋ ಬಂತು. ಅಕ್ಕ ಇಳದು, ಗಲ್ಲಾ ಡಬ್ಬಿ ಅದರ ಜಾಗಾಕ್ಕ ಇಟ್ಟು, ಕರಕಾದ ಮಿರ್ಚಿ ರಾಶಿ ನೋಡಿ ಒಂದು ಮಾತು ಬೈದ್ಲು. ಆಮೇಲೆ ಖಾಲಿ ಚೀಲದೊಳಗ ಕೈ ಹಾಕಿ, ಶಿಕ್ಕಾ ಹೊಡದ ಒಂದು ಕಾಗದ ತಗದು ನನ್ನ ಮುಂದ ಹಿಡದ್ಲು. "ಕಣ್ಣಿನ ಚಾಳೀಸು ಮನ್ಯಾಗ ಬಿಟ್ಟು ಬಂದೇನಿ. ಏನು ಬರದಾರ ಓದು."

ಕೈ ಒರಸ್ಕೊಂಡು ಇಸ್ಕೊಂಡೆ. ಆಕಿ ಹೆಸರು ಓದಿದೆ, ಮಳಿಗಿ ನಂಬರ್ ಓದಿದೆ. "ಎಂಬತ್ತು ಸಾವಿರ ರೂಪಾಯಿ ಮಾತ್ರ. ಜಮಾ ಆಗೈತ್ರಿ" ಅಂದೆ.

ಅಕ್ಕ ಗಾಡಿ ಕಟ್ಟಿಗಿ ಹಿಡಕೊಂಡು ಕಣ್ಣು ಮುಚ್ಚಿ ನಿಂತಿದ್ಲು.

"ಇನ್ನೊಮ್ಮೆ ಓದು ತಮ್ಮಾ" ಅಂದ್ಲು.

ಇನ್ನೊಮ್ಮೆ ಓದಿದೆ.